ಅಜ್ಜ ಬಾಗಿಲು ಹಾಕಿಕೊಳ್ಳುತ್ತಿದ್ದ ಆ ಕೋಣೆ

ನನ್ನ ಅಜ್ಜ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ವಾರವಿಡೀ ಕೆಂಪು ಮಣ್ಣಿನಲ್ಲಿದ್ದು, ಭಾನುವಾರ ಬೆಳಿಗ್ಗೆ ಬಿಳಿ ಪಂಚೆ, ಕರಿ ಕೋಟು ಹಾಕಿ ದೇವಾಲಯದ, ಅಂದರೆ ನಮ್ಮ ಚರ್ಚಿನ, ಮುಂದಿನ ಸಾಲಿನ ಬೆಂಚಿನಲ್ಲಿ ಕೂರುತ್ತಿದ್ದರು. ಅವರು ಸಭೆಯ, ಅಂದರೆ ಆ ಚರ್ಚಿಗೆ ಸೇರಿದ ಜನರ, ಹಿರಿಯರಲ್ಲಿ ಒಬ್ಬರು. ಆರಾಧನೆ ಮುಗಿದ ಮೇಲೆ ಹಿರಿಯರೆಲ್ಲ ಸಭಾಪಾಲಕರ (ಪಾದ್ರಿಯ) ಜೊತೆ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಏನು ಮಾತಾಡ್ತೀರಿ ಅಂತ ಕೇಳಿದರೆ ಅಜ್ಜ ಒಂದು ದಿನವೂ ಹೇಳಿದ್ದಿಲ್ಲ. ಬಹಳ ವರ್ಷಗಳ ನಂತರ ನಾನು ಡಾಕ್ಟರೇಟ್ ಮಾಡಿದ್ದು ಆ ಕೋಣೆಯ ಬಗ್ಗೆಯೇ.

ನಾನು ಓದಿದ್ದು ಸೆರಾಂಪೋರ್ ದಾರಿಯಲ್ಲಿ. ಮೊದಲು ದೇವಶಾಸ್ತ್ರದ ಪದವಿ ಬಿ.ಡಿ., ಆಮೇಲೆ ಕ್ರೈಸ್ತ ಚರಿತ್ರೆಯಲ್ಲಿ ಸ್ನಾತಕೋತ್ತರ ಎಂ.ಟಿಎಚ್., ಕೊನೆಗೆ ಡಾಕ್ಟರೇಟ್, ಅಂದರೆ ಡಿ.ಟಿಎಚ್. ಬಂಗಾಳದ ಸೆರಾಂಪೋರ್ ಕಾಲೇಜು 1818ರಲ್ಲಿ ಶುರುವಾಯಿತು. ಆ ಊರು ಆಗ ಡೆನ್ಮಾರ್ಕಿನ ಕೈಯಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ರಾಜ ಅದಕ್ಕೆ ಪದವಿ ಕೊಡುವ ಸನ್ನದು ಕೊಟ್ಟ. ಇವತ್ತಿಗೂ ದೇಶದ ಎಷ್ಟೋ ದೇವಶಾಸ್ತ್ರ ಕಾಲೇಜುಗಳು ಅದೇ ಸೆರಾಂಪೋರಿನ ಸೆನೆಟ್ಟಿಗೆ, ಅಂದರೆ ಪದವಿ ಕೊಡುವ ಮಂಡಳಿಗೆ, ಸೇರಿವೆ. ನಮ್ಮ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಎರಡೂ ಅದರಡಿಯಲ್ಲೇ ಇವೆ. ದೇವಶಾಸ್ತ್ರ ಓದದವರು ಹೆದರಬೇಕಿಲ್ಲ. ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಿಂದಲೂ ಈ ವಿಷಯದಲ್ಲಿ ಪಿಎಚ್.ಡಿ. ಮಾಡಬಹುದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನಕ್ಕೇ ಒಂದು ವಿಭಾಗವಿದೆ.

ನಾನು ಮೊದಲು ಬರೆದುಕೊಂಡು ಹೋದ ವಿಷಯ ಕರ್ನಾಟಕದ ಪ್ರೊಟೆಸ್ಟೆಂಟ್ ಸಭೆಗಳ ಆಡಳಿತದ ಚರಿತ್ರೆ. ಮಾರ್ಗದರ್ಶಕರು ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು: "ಬಳ್ಳಾರಿಯ ಲಂಡನ್ ಮಿಷನ್ನಿನವರು, ಮೈಸೂರು ಸೀಮೆಯ ವೆಸ್ಲಿಯನ್ನರು, ಮಂಗಳೂರು–ಧಾರವಾಡದ ಬಾಸೆಲ್ ಮಿಷನ್ನಿನವರು. ಇಷ್ಟೂ ಜನರ ಕಾಗದ ಓದೋಕೆ ನಿಮಗೆ ಎಷ್ಟು ವರ್ಷ ಬೇಕು, ಟೀಚರ್?" ಇವೆಲ್ಲ ಹೊರದೇಶದಿಂದ ಬಂದ ಮಿಷನರಿ ಸಂಘಗಳು. ಎರಡು ತಿಂಗಳು ಒದ್ದಾಡಿದೆ. ಕೊನೆಗೆ ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಸಭೆಗಳು, ಅದರಲ್ಲೂ ಹಿರಿಯರ ಸಂಘ ಮಾತ್ರ ಅಂತ ಇಳಿಸಿದೆ. ಆಗ ಪ್ರಶ್ನೆ ಒಂದೇ ಸಾಲಿಗೆ ಬಂತು: ಸಭೆಯಲ್ಲಿ ಕೊನೆಯ ಮಾತು ಯಾರದು?

ಇದು ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಪ್ರಪಂಚದ ಚರ್ಚುಗಳು ಬೇರೆ ಬೇರೆಯಾಗಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಕೆಲವು ಕಡೆ ಬಿಷಪ್ ಹೇಳಿದ್ದು ನಡೆಯುತ್ತದೆ. ಕೆಲವು ಕಡೆ ಸಭಾಪಾಲಕರೂ ಆರಿಸಿ ಬಂದ ಹಿರಿಯರೂ ಕೂತು ತೀರ್ಮಾನ ಮಾಡುತ್ತಾರೆ. ಇನ್ನು ಕೆಲವು ಕಡೆ ಆಯಾ ಸಭೆಯ ಜನರೇ ಎಲ್ಲ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳವರು ಸೇರಿ ಒಂದಾಗುವ ಮಾತು ಎತ್ತಿದರು. ಹೆಚ್ಚಿನವರು ಭಾರತೀಯ ಪಾದ್ರಿಗಳೇ. ಈ ಮೂರು ಪದ್ಧತಿಗಳನ್ನು ಒಂದೇ ಕಟ್ಟಿಗೆ ತರಲು 28 ವರ್ಷ ಹಿಡಿಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ನಮ್ಮ ಸಭೆಯ ಮಟ್ಟದ ಪಾಸ್ಟರೇಟ್ ಕಮಿಟಿ, ಒಬ್ಬ ಬಿಷಪ್ಪರ ಪ್ರಾಂತ್ಯದ ಡಯಾಸಿಸನ್ ಕೌನ್ಸಿಲ್, ಇಡೀ ಚರ್ಚಿನ ಸಿನಡ್ ಎಲ್ಲ ಆ ಕಟ್ಟಿನ ಭಾಗ. ಇವತ್ತು ಸಭೆಯ ಚುನಾವಣೆಯಲ್ಲಿ ಓಟು ಹಾಕುವವರಿಗೆ ಈ 28 ವರ್ಷದ ಮಾತುಕತೆ ಗೊತ್ತಿರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ನನ್ನ ಕೆಲಸ ಇದ್ದದ್ದು ಅದಕ್ಕೂ ಹಿಂದಿನ ಕಾಲದಲ್ಲಿ. ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅವರನ್ನು ಕಳಿಸಿದ ಕಮಿಟಿ ಇದ್ದದ್ದು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಊರಿನಲ್ಲಿ. ಮಿಷನರಿ ಮದುವೆಯಾಗಬೇಕಾದರೂ ಆ ಕಮಿಟಿಯ ಒಪ್ಪಿಗೆ ಬೇಕಿತ್ತು. 1851–52ರಲ್ಲಿ ಇನ್‌ಸ್ಪೆಕ್ಟರ್ (ಮಿಷನ್ನಿನ ಮುಖ್ಯಸ್ಥ) ಯೋಸೆನ್‌ಹಾನ್ಸ್ ಭಾರತಕ್ಕೇ ಬಂದು ಮಿಷನರಿಗಳಿದ್ದ ಸ್ಟೇಷನ್‌ಗಳನ್ನು ನೋಡಿಕೊಂಡು ಹೋದರು. ಆಮೇಲೆ ಕಟ್ಟುನಿಟ್ಟು ಇನ್ನೂ ಹೆಚ್ಚಾಯಿತು. ಮೇಲೆ ಬಾಸೆಲ್ ಕಮಿಟಿ, ನಡುವೆ ಮಿಷನರಿಗಳು, ಕೆಳಗೆ ಊರಿನ ಹಿರಿಯರು. ಕಾಗದದ ಮೇಲಿನ ಚಿತ್ರ ಇಷ್ಟೇ. ನನ್ನ ಮೊದಲ ವರ್ಷದ ಬರಹವೂ ಇಷ್ಟೇ ಹೇಳುತ್ತಿತ್ತು.

ಎರಡನೇ ವರ್ಷ ಭಾಷೆಗೇ ಹೋಯಿತು. ಮಿಷನರಿಗಳ ಪತ್ರಗಳು ಜರ್ಮನ್‌ನಲ್ಲಿವೆ. ಜರ್ಮನ್ ಕಲಿತರೂ ಸಾಕಾಗಲಿಲ್ಲ, ಯಾಕಂದರೆ ಆ ಕಾಲದ ಕೈಬರಹವೇ ಬೇರೆ. ಅದಕ್ಕೆ ಕುರೆಂಟ್ ಅನ್ನುತ್ತಾರೆ. ಅದರಲ್ಲಿ 'ಇ' (e) ಅಕ್ಷರ ಥೇಟ್ 'ಎನ್' (n) ಥರ ಕಾಣುತ್ತದೆ. 'ಯು' ಮತ್ತು 'ಎನ್' ಗೊಂದಲವಾಗದಿರಲಿ ಅಂತ 'ಯು' ತಲೆಯ ಮೇಲೆ ಒಂದು ಸಣ್ಣ ಕೊಂಕು ಹಾಕುತ್ತಿದ್ದರು. ಬರೀ ನೋಡಿ ಕಲಿಯೋದು ಆಗಲ್ಲ. ನಾನು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕಾಪಿ ಪುಸ್ತಕ ತಂದು, ದಿನಕ್ಕೆ ಒಂದು ಪುಟ ಆ ಅಕ್ಷರ ತಿದ್ದಿದೆ. ಕೈಗೆ ಬಂದ ಮೇಲೆ ಕಣ್ಣಿಗೂ ಬಂತು. ಮೂರು ತಿಂಗಳ ನಂತರ ಒಂದು ಪತ್ರದಲ್ಲಿ "ಮಂಗಳೂರು" ಅನ್ನುವ ಹೆಸರು ತಾನಾಗಿ ಓದಿಸಿಕೊಂಡ ದಿನ ರಾತ್ರಿ ನಿದ್ದೆ ಬರಲಿಲ್ಲ.

ಇದನ್ನು ಶುರು ಮಾಡುವವರಿಗೆ ಒಂದು ಸಮಾಧಾನದ ಮಾತು: ಎಲ್ಲಕ್ಕೂ ಬಾಸೆಲ್‌ಗೆ ಓಡಬೇಕಿಲ್ಲ. ಅಲ್ಲಿಯ ಮಿಷನ್ 21 ಸಂಸ್ಥೆ ಹಳೆಯ ಫೋಟೋಗಳನ್ನೂ ಭೂಪಟಗಳನ್ನೂ ಅಂತರ್ಜಾಲದಲ್ಲಿಟ್ಟಿದೆ. ಬಲ್ಮಠದ ಕಾಲೇಜಿನ ಪತ್ರಾಗಾರದಲ್ಲಿ ಹಳೆಯ ವರದಿಗಳು, ಬಾಸೆಲ್ ಮಿಷನ್ ಪ್ರೆಸ್ಸಿನ ಪುಸ್ತಕಗಳು ಸಿಗುತ್ತವೆ. ಇಂಗ್ಲಿಷಿನಲ್ಲಿ ಅಚ್ಚಾದ ವಾರ್ಷಿಕ ವರದಿಗಳನ್ನು ಮೊದಲು ಓದಿ ಮುಗಿಸಿ. ಆದರೆ ಅವು ದಾನ ಕೊಡುವವರಿಗಾಗಿ ಬರೆದವು ಅನ್ನೋದು ಮನಸ್ಸಿನಲ್ಲಿರಲಿ.

ನನ್ನ ಕೆಲಸ ನಿಜವಾಗಿ ತಿರುಗಿದ್ದು ನಡಾವಳಿ ಪುಸ್ತಕಗಳಿಂದ. ಹಿರಿಯರ ಸಂಘ ಕೂಡಿದಾಗಲೆಲ್ಲ ಯಾರೋ ಒಬ್ಬರು ಕನ್ನಡದಲ್ಲಿ ಬರೆದಿಟ್ಟ ಪುಸ್ತಕಗಳು. ಒಂದು ಸಭೆಯಲ್ಲಿ ಕಪಾಟಿನ ಕೆಳಗಿನ ಅರೆಯಲ್ಲಿದ್ದವು. ಮೇಲಿನ ಎರಡನ್ನು ಎತ್ತಿದೆ, ಮೂರನೆಯದು ಕೈಗೆ ಬರಲೇ ಇಲ್ಲ. ಗೆದ್ದಲು ಒಳಗಿನಿಂದ ತಿಂದು ರಟ್ಟು ಮಾತ್ರ ಉಳಿದಿತ್ತು. ಎಷ್ಟೋ ವರ್ಷಗಳ ತೀರ್ಮಾನಗಳು ಮಣ್ಣಾಗಿದ್ದವು. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಉಳಿದ ಎರಡನ್ನು ಎಂಟು ತಿಂಗಳು ಓದಿದೆ. ಮೊದಮೊದಲು ಬೇಸರದ ಸಂಗತಿಗಳೇ ಜಾಸ್ತಿ. ದೇವಾಲಯದ ಮಾಡು ಸೋರುತ್ತದೆ, ಬಡವರ ನಿಧಿಯಿಂದ ಒಬ್ಬ ವಿಧವೆಗೆ ಅಕ್ಕಿ, ಇಬ್ಬರು ಅಣ್ಣತಮ್ಮಂದಿರ ಜಗಳ ಬಿಡಿಸಿದ್ದು. ಕುಡಿದು ಬಂದವನನ್ನು ಪ್ರಭುಭೋಜನದಿಂದ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸದಿಂದ, ದೂರ ಇಟ್ಟಿದ್ದು. ಈ ಕೊನೆಯದು ಮತ್ತೆ ಮತ್ತೆ ಬರುತ್ತಿತ್ತು. ನಾನು ಅದನ್ನು ಸಭಾ ಶಿಸ್ತು ಅಂತ ಒಂದು ತಲೆಬರಹದ ಕೆಳಗೆ ಗುರುತು ಹಾಕಿಕೊಂಡು ಮುಂದೆ ಹೋಗುತ್ತಿದ್ದೆ.

ಒಂದು ದಿನ ಅಜ್ಜ ನೆನಪಾದರು. ಅಜ್ಜನ ಕೆಲಸ ಹಂಚಿನ ಕಾರ್ಖಾನೆಯಲ್ಲಿ, ಅಲ್ವಾ? ಕ್ರೈಸ್ತರಾದವರನ್ನು ಜಾತಿಯವರು ಹೊರಗೆ ಹಾಕಿದಾಗ ಹೊಟ್ಟೆಪಾಡಿಗೆ ಅಂತ ಮಿಷನ್ ನೇಯ್ಗೆ ಶುರು ಮಾಡಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಹಂಚಿನ ಕಾರ್ಖಾನೆ ತೆರೆದರು. ಎಷ್ಟೋ ಮನೆಗಳು ನಿಂತದ್ದೂ ಮಿಷನ್ನಿನ ಜಾಗದಲ್ಲೇ. ಕೂಲಿ ಕೊಡುವವರು, ಜಾಗ ಕೊಟ್ಟವರು, ಪ್ರಭುಭೋಜನ ಕೊಡುವವರು ಎಲ್ಲ ಒಂದೇ ಮನೆಯವರು. ಹಾಗಿರುವಾಗ ಒಬ್ಬನನ್ನು ಸಭೆಯಿಂದ ದೂರ ಇಡುವುದು ಬರೀ ಭಾನುವಾರದ ಮಾತಲ್ಲ. ಅವನ ಅನ್ನದ ಮಾತು. ಇಷ್ಟು ಹೊಳೆದ ಮೇಲೆ ಎರಡೂ ಪುಸ್ತಕಗಳನ್ನು ಮೊದಲ ಪುಟದಿಂದ ಮತ್ತೆ ಓದಿದೆ.

ಈ ಸಲ ಹಿರಿಯರು ಬೇರೆ ಥರ ಕಂಡರು. ಒಂದು ಹೆಸರು ಬಂದರೆ ತೀರ್ಮಾನವನ್ನು ಮುಂದಿನ ಕೂಟಕ್ಕೆ ಹಾಕುತ್ತಾರೆ. ಅಲ್ಲಿಂದ ಇನ್ನೊಂದು ಕೂಟಕ್ಕೆ. ಇಬ್ಬರು ಹಿರಿಯರು ಅವನ ಮನೆಗೆ ಹೋಗಿ ಮಾತಾಡಲಿ ಅಂತ ಬರೆಯುತ್ತಾರೆ. ಮಿಷನರಿ ಒಂದು ಅಂದರೆ ಇವರು ಎದುರು ಹೇಳುವುದಿಲ್ಲ, ತಡ ಮಾಡುತ್ತಾರೆ. ಆ ತಡವೇ ಅವರ ಕೈಯಲ್ಲಿದ್ದ ಅಧಿಕಾರ. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಪೂರ್ತಿ ಇದೇ. ನಿಯಮದ ಪುಸ್ತಕ ಓದಿ ಸಭೆಯ ಆಡಳಿತ ಗೊತ್ತಾಯಿತು ಅಂದುಕೊಳ್ಳುವವರ ಜೊತೆ ನಾನು ಇವತ್ತಿಗೂ ವಾದಕ್ಕೆ ಕೂರುತ್ತೇನೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶ ಬಿಡಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ನಾನು ಓದಿದ ಪುಸ್ತಕದಲ್ಲಿ ಆ ವರ್ಷಗಳಲ್ಲೂ ಕೂಟ ತಪ್ಪಿಲ್ಲ. ಹಿರಿಯರಿಗೆ ಸಭೆ ನಡೆಸುವ ಅಭ್ಯಾಸ ಅಷ್ಟು ಹೊತ್ತಿಗೆ ಇತ್ತು.

ಇನ್ನು ಹೆಸರುಗಳ ವಿಷಯ. ಇದರ ಬಗ್ಗೆ ನನಗೆ ಯಾವ ತರಗತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಶಿಸ್ತಿಗೆ ಒಳಗಾದವರ ಮೊಮ್ಮಕ್ಕಳು ಅದೇ ಸಭೆಯಲ್ಲಿದ್ದಾರೆ. ನಾನು ಮನೆ ಮನೆಗೆ ಹೋಗಿ ಹಿರಿಯರ ನೆನಪುಗಳನ್ನು ಬರೆದುಕೊಳ್ಳುತ್ತಿದ್ದಾಗ ಒಬ್ಬ ಅಜ್ಜಿ ಕೇಳಿದರು, "ಮಗಾ, ಆ ಪುಸ್ತಕದಲ್ಲಿ ನನ್ನ ಅಮ್ಮ ಇದ್ದಾಳಾ?" ಇದ್ದರು. ಗಂಡ ಬಿಟ್ಟು ಹೋದ ಮೇಲೆ ಇನ್ನೊಬ್ಬರ ಮನೆಯಲ್ಲಿದ್ದರು ಅಂತ ಎರಡು ವರ್ಷ ದೂರ ಇಟ್ಟಿದ್ದರು. ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ. "ಇದ್ದಾರೆ ಅಜ್ಜಿ, ಓದಲಾ?" ಅಂದೆ. ಅಜ್ಜಿ ತಲೆಯಾಡಿಸಿದರು. ಓದಿದೆ. ಮತ್ತೆ ಸೇರಿಸಿಕೊಂಡ ದಿನದ ಸಾಲನ್ನು ಎರಡು ಸಲ ಓದಿಸಿದರು. ಆಮೇಲೆ ಚಾ ಮಾಡಿ ಕೊಟ್ಟರು. ಆ ದಿನವೇ ಪ್ರಬಂಧದಲ್ಲಿ ಶಿಸ್ತಿನ ಪ್ರಕರಣಗಳ ಹೆಸರೆಲ್ಲ ತೆಗೆದು ಅಂಕೆ ಹಾಕಿದೆ. ಅಜ್ಜಿಯ ಅಮ್ಮನ ಕತೆಯನ್ನು ಇಲ್ಲಿ ಬರೆಯುತ್ತಿರುವುದೂ ಅವರನ್ನು ಕೇಳಿಯೇ.

ಬರೆಯುವ ಕೆಲಸಕ್ಕೆ ಒಂದೂವರೆ ವರ್ಷ ಬೇಕಾಯಿತು. ಬೆಳಿಗ್ಗೆ ನಾಲ್ಕರಿಂದ ಆರೂವರೆ ತನಕ ಬರೆದು, ಆಮೇಲೆ ಪಾಠಕ್ಕೆ ಹೋಗುತ್ತಿದ್ದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಒಬ್ಬ ಪರೀಕ್ಷಕರು ಕೇಳಿದ್ದು, ಹಿರಿಯರೆಲ್ಲ ಗಂಡಸರೇ ಆಗಿದ್ದಾಗ ಹೆಂಗಸರ ಮಾತು ಆ ಕೋಣೆಗೆ ಹೇಗೆ ತಲುಪುತ್ತಿತ್ತು ಅಂತ. ನನ್ನ ಹತ್ತಿರ ಅರ್ಧ ಉತ್ತರ ಮಾತ್ರ ಇತ್ತು. ಈಗ ಅದರ ಮೇಲೆಯೇ ಕೆಲಸ ಮಾಡುತ್ತಿದ್ದೇನೆ.

ಆ ಎರಡು ಪುಸ್ತಕಗಳನ್ನು ಪತ್ರಾಗಾರಕ್ಕೆ ಕೊಡಿ ಅಂತ ಸಭೆಯ ಕಮಿಟಿಯನ್ನು ಕೇಳಿಕೊಂಡೆ. ಮೂರು ಕೂಟ ಮುಂದೂಡಿದರು. ನಾಲ್ಕನೆಯದರಲ್ಲಿ ಒಪ್ಪಿದರು. ಪ್ರತಿ ಪುಟದ ಫೋಟೋ ತೆಗೆದು ಒಂದು ಪ್ರತಿ ಸಭೆಯಲ್ಲೇ ಇರಬೇಕು ಅನ್ನುವುದು ಅವರ ಷರತ್ತು. ಮೊಬೈಲಿನಲ್ಲೇ ತೆಗೆದೆವು, ನಾನೂ ಸಂಡೇ ಸ್ಕೂಲಿನ ನಾಲ್ಕು ಮಕ್ಕಳೂ ಸೇರಿ, ಎರಡು ಶನಿವಾರ. ಪ್ರತಿಯನ್ನು ಈಗ ಕಬ್ಬಿಣದ ಕಪಾಟಿನ ಮೇಲಿನ ಅರೆಯಲ್ಲಿಟ್ಟಿದ್ದಾರೆ.