ಮಗುವಿಗೆ ರಿಫ್ಲಕ್ಸ್ ಆಪರೇಷನ್ ಅಂದಾಗ ಅಪ್ಪ-ಅಮ್ಮ ತಿಳಿದಿರಬೇಕಾದ್ದು

ಮಕ್ಕಳ ಸರ್ಜರಿ ವಾರ್ಡಿನಲ್ಲಿ ನಾನು ನರ್ಸ್. ಜಠರದಲ್ಲಿದ್ದದ್ದು ಅನ್ನನಾಳಕ್ಕೆ ಏರಿ ಬರುವುದೇ ರಿಫ್ಲಕ್ಸ್, ಅದನ್ನು ತಡೆಯುವ ಆಪರೇಷನ್ನೇ ಫಂಡೊಪ್ಲಿಕೇಷನ್. ಅದು ಆದ ಮಕ್ಕಳನ್ನು ಮನೆಗೆ ಕಳಿಸುವ ಮುಂಚೆ ತಾಯಂದಿರನ್ನು ಕೂರಿಸಿಕೊಂಡು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಾಲು ಕಕ್ಕುವ ಎಳೆಗೂಸುಗಳಲ್ಲಿ ಹೆಚ್ಚಿನವಕ್ಕೆ 12ರಿಂದ 18 ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ತೂಕ ಏರುತ್ತಿದೆ, ಮಗು ಆಡಿಕೊಂಡಿದೆ ಅಂದರೆ ಆಪರೇಷನ್ ಮಾತೇ ಬೇಡ. ಔಷಧಿ ಕೊಟ್ಟು, ಹಾಲೂಡಿಸುವ ರೀತಿ ಬದಲಿಸಿಯೂ ತೂಕ ಏರದಿದ್ದರೆ, ಮೇಲೆ ಬಂದದ್ದು ಶ್ವಾಸಕೋಶಕ್ಕಿಳಿದು ಪದೇ ಪದೇ ನ್ಯುಮೋನಿಯಾ ಆಗುತ್ತಿದ್ದರೆ, ಆಮ್ಲಕ್ಕೆ ಅನ್ನನಾಳ ಸುಟ್ಟು ಕಿರಿದಾಗಿದ್ದರೆ ಆಗ ಯೋಚಿಸಬೇಕು.

ಒಪ್ಪಿಗೆಗೆ ಸಹಿ ಹಾಕುವ ಮುಂಚೆ ಎರಡು ವಿಷಯ ಕೇಳಿ. ಬೇರಿಯಂನಂಥ ದ್ರವ ಕುಡಿಸಿ ಎಕ್ಸ್-ರೇ ತೆಗೆದಾಗ ಕರುಳಿನ ಜೋಡಣೆ ಸರಿಯಿತ್ತೇ? ಕರುಳು ತಿರುಚಿಕೊಂಡೂ ವಾಂತಿಯಾಗುತ್ತದೆ, ಅದಕ್ಕೆ ಈ ಆಪರೇಷನ್ ಮದ್ದಲ್ಲ. ಎರಡನೆಯದು, ಜಠರದ ಮೇಲ್ಭಾಗವನ್ನು ಅನ್ನನಾಳದ ಕೆಳತುದಿಗೆ ಪೂರ್ತಿ ಸುತ್ತಿ ಹೊಲಿಯುತ್ತಾರೋ, ಅರ್ಧಂಬರ್ಧವೋ? ಪೂರ್ತಿ ಸುತ್ತುವುದು ನಿಸ್ಸೆನ್, 1956ರಿಂದ ವೈದ್ಯಲೋಕಕ್ಕೆ ಗೊತ್ತು. ಥಾಲ್, ಟೂಪೆ ವಿಧಾನಗಳಲ್ಲಿ ಸುತ್ತು ಪೂರ್ತಿ ಬರುವುದಿಲ್ಲ. ಈಗ ಸಾಮಾನ್ಯವಾಗಿ ಲ್ಯಾಪರೋಸ್ಕೋಪಿಯಲ್ಲೇ, ಅಂದರೆ ಸಣ್ಣ ತೂತುಗಳ ಮೂಲಕವೇ ಮಾಡುತ್ತಾರೆ. ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಹಾಲು ನಿಲ್ಲಿಸಬೇಕೆಂದು ಅರಿವಳಿಕೆ ವೈದ್ಯರು ಹೇಳುತ್ತಾರೆ, ಅದನ್ನು ಚಾಚೂ ತಪ್ಪದೆ ಪಾಲಿಸಿ.

ನಾನು ಒತ್ತಿ ಹೇಳುವುದು ಇನ್ನೊಂದು. ಕೆಳಗಿದ್ದದ್ದು ಮೇಲೆ ಬಾರದಂತೆ ಮಾಡಿರುತ್ತಾರಲ್ಲ, ಹಾಗಾಗಿ ಹಲವು ಮಕ್ಕಳಿಗೆ ತೇಗು ಬರುವುದಿಲ್ಲ, ವಾಂತಿಯೂ ಆಗುವುದಿಲ್ಲ. ನುಂಗಿದ ಗಾಳಿ ಹೊಟ್ಟೆಯಲ್ಲೇ ಉಳಿದು ಉಬ್ಬರಿಸುತ್ತದೆ, ಮಗು ಕಾಲು ಮಡಚಿಕೊಂಡು ಅಳುತ್ತದೆ. ಹೊಟ್ಟೆಗೆ ಗ್ಯಾಸ್ಟ್ರೋಸ್ಟಮಿ ಟ್ಯೂಬ್ (ಹೊಟ್ಟೆಯ ಮೇಲಿಂದ ನೇರ ಜಠರಕ್ಕೆ ಹಾಲೂಡಿಸುವ ಕೊಳವೆ) ಹಾಕಿದ್ದರೆ ಗಾಳಿ ಬಿಡುವುದನ್ನು ವಾರ್ಡಿನಲ್ಲೇ ಕಲಿಯಿರಿ. ದೊಡ್ಡ ಸಿರಿಂಜಿನ ಪಿಸ್ಟನ್ ತೆಗೆದು, ಬರೀ ಕೊಳವೆಯನ್ನು ಟ್ಯೂಬಿಗೆ ಸಿಕ್ಕಿಸಿ, ಮಗುವಿನ ಹೊಟ್ಟೆಗಿಂತ ಮೇಲೆ ಹಿಡಿಯಿರಿ. ಕ್ಲ್ಯಾಂಪ್ ಬಿಟ್ಟೊಡನೆ ಹಾಲು ಏರಿ ಬರುತ್ತದೆ, ಗುಳುಗುಳು ಗುಳ್ಳೆ ಏಳುತ್ತದೆ. ಗಾಬರಿಯಾಗಿ ಕೆಳಗಿಳಿಸಬೇಡಿ. ಗಾಳಿ ಹೋದ ಮೇಲೆ ಹಾಲು ತಾನೇ ಒಳಗಿಳಿಯುತ್ತದೆ, ಬಿಗಿದಿದ್ದ ಹೊಟ್ಟೆ ಕೈಗೆ ಮೆತ್ತಗೆ ಸಿಗುತ್ತದೆ. ಎಷ್ಟೋ ತಾಯಂದಿರ ಮುಖ ಅರಳುವುದು ಆ ಹೊತ್ತಿಗೇ.

ಬಾಯಲ್ಲಿ ತಿನ್ನುವ ಮಕ್ಕಳಿಗೆ ಮೊದಲ ಕೆಲವು ವಾರ ನುಣ್ಣಗೆ ಅರೆದದ್ದು, ಸ್ವಲ್ಪ ಸ್ವಲ್ಪವಾಗಿ, ಹಲವು ಸಲ. ಹೊಲಿಗೆಯ ಜಾಗ ಊದಿರುವುದರಿಂದ ಗಟ್ಟಿ ತುತ್ತು ಸಿಕ್ಕಿಕೊಳ್ಳುತ್ತದೆ. ಗಾಳಿ ತುಂಬಿದ ಪಾನೀಯ, ಸ್ಟ್ರಾ ಬೇಡ. ಊಟವಾದ ಮೇಲೆ ಮಗು ಬೆವರಿ, ಬಿಳಿಚಿಕೊಂಡು, ಸುಸ್ತಾದರೆ ವೈದ್ಯರಿಗೆ ತಿಳಿಸಿ. ಆಹಾರ ಜಠರದಿಂದ ಬೇಗ ಬೇಗ ಕರುಳಿಗೆ ಹೋಗಿಬಿಟ್ಟರೆ ಹಾಗಾಗುತ್ತದೆ, ರಕ್ತದ ಸಕ್ಕರೆ ನೋಡಬೇಕಾಗಬಹುದು.

ಹೊಟ್ಟೆ ಬಿಗಿದು, ಮಗು ಬರೀ ಓಕರಿಸುತ್ತಾ ಏನೂ ಹೊರಬಾರದಿದ್ದರೆ, ಟ್ಯೂಬಿನಿಂದ ಹಸಿರು ನೀರು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಕರುಳು ಕಟ್ಟಿಕೊಂಡಿರಬಹುದು. ಎಮರ್ಜೆನ್ಸಿಯಲ್ಲಿರುವ ವೈದ್ಯರಿಗೆ ಈ ಮಗುವಿನ ಹಿನ್ನೆಲೆ ಗೊತ್ತಿರುವುದಿಲ್ಲ. “ಫಂಡೊಪ್ಲಿಕೇಷನ್ ಆಗಿದೆ, ವಾಂತಿ ಮಾಡಲು ಆಗುವುದಿಲ್ಲ” ಎಂದು ಮೊದಲ ಮಾತಿನಲ್ಲೇ ಹೇಳಿ, ಡಿಸ್ಚಾರ್ಜ್ ಕಾಗದ ಕೈಗೆ ಕೊಡಿ.