ಟ್ರಫಲ್ ಬೆಳೆಯಲು ಮೊದಲು ಬೇರು ನೋಡಿ

ಹುಲ್ಲಿನ ಮೇಲೆ ಬೀಜ ಚೆಲ್ಲಿ ಬೆಳೆಸುವ ಅಣಬೆಯಲ್ಲ ಟ್ರಫಲ್. ನೆಲದೊಳಗೆ, ಜೀವಂತ ಮರದ ಬೇರನ್ನು ಸುತ್ತಿಕೊಂಡೇ ಈ ಘಮಘಮಿಸುವ, ತಿನ್ನುವ ಶಿಲೀಂಧ್ರ ಬದುಕಬೇಕು. ಮರ ಸಕ್ಕರೆ ಕೊಡುತ್ತದೆ, ಶಿಲೀಂಧ್ರ ನೀರು, ರಂಜಕ ತಂದುಕೊಡುತ್ತದೆ. ಈ ನಂಟಿಗೆ 1885ರಲ್ಲಿ ಮೈಕೊರೈಜಾ ಎಂದು ಹೆಸರಿಟ್ಟ ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್ ಹೊರಟಿದ್ದೂ ಟ್ರಫಲ್ ಬೆಳೆಸುವ ದಾರಿ ಹುಡುಕಿಕೊಂಡೇ!

ಕಪ್ಪು ಟ್ರಫಲ್ ಬೆಳೆಯಲು ಹೊರಟವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಸುಣ್ಣದ ಅಂಶವಿದ್ದು, ನೀರು ನಿಲ್ಲದೆ ಬಸಿದುಹೋಗಬೇಕು. ರಸಸಾರ (pH) 8ರ ಆಸುಪಾಸಿನಲ್ಲಿರಬೇಕು. ಹುಳಿ ಮಣ್ಣಾದರೆ ನೆಡುವ ಎಷ್ಟೋ ತಿಂಗಳು ಮೊದಲೇ ಸುಣ್ಣ ಬೆರೆಸಿ. ಹಿಂದೆ ಧಾನ್ಯವೋ ದ್ರಾಕ್ಷಿಯೋ ಬೆಳೆದ ಜಮೀನು ಒಳ್ಳೆಯದು. ಪೈನ್, ಓಕ್ ಕಾಡಿನ ಪಕ್ಕ ಬೇಡ. ಅಲ್ಲಿನ ಬೇರಿನ ಶಿಲೀಂಧ್ರಗಳು ನುಗ್ಗಿ ನಿಮ್ಮದನ್ನು ಓಡಿಸುತ್ತವೆ.

ಮುಂದಿನದು ಸಸಿ. ಇಲ್ಲಿ ಎಡವಿದರೆ ತಪ್ಪು ಗೊತ್ತಾಗುವುದು ವರ್ಷಗಳ ನಂತರ. ಓಕ್ ಅಥವಾ ಹೇಝಲ್ ಸಸಿಯ ಬೇರಿಗೆ ನರ್ಸರಿಯಲ್ಲೇ ಟ್ರಫಲ್ ಬೀಜಕ (ಶಿಲೀಂಧ್ರದ ಬೀಜದಂಥ ಕಣ) ಸೇರಿಸಿರುತ್ತಾರೆ. ಎಲೆಯ ಹಸಿರು ನೋಡಿ ಮಾರುಹೋಗಬೇಡಿ, ಬೇರಿನ ತುದಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವರದಿ ಕೇಳಿ. ಕಡಿಮೆ ಬೆಲೆಯ ಏಷ್ಯಾದ ಟ್ರಫಲ್ ನೋಡಲು ಕಪ್ಪು ಟ್ರಫಲ್‌ನಂತೆಯೇ ಇರುತ್ತದೆ. ಅದು ಒಮ್ಮೆ ತೋಟ ಹೊಕ್ಕರೆ ತೆಗೆಯುವುದು ಬಲು ಕಷ್ಟ.

ಬಿಸಿಲು, ಗಾಳಿ ಆಡುವಷ್ಟು ಅಂತರ ಕೊಟ್ಟು ನೆಡಿ. ಮೊದಲ ವರ್ಷಗಳಲ್ಲಿ ಬುಡದ ಕಳೆಯನ್ನು ಆಳಕ್ಕೆ ಹೋಗದೆ ಮೇಲ್ಪದರದಲ್ಲಷ್ಟೇ ಕೆರೆದು ತೆಗೆಯಿರಿ. ಒಣ ಬೇಸಿಗೆಯಲ್ಲಿ ನೀರು ಕೊಡಿ. ಗೊಬ್ಬರದ ಚೀಲ ಮಾತ್ರ ದೂರವಿರಲಿ: ರಂಜಕ ಪುಕ್ಕಟೆ ಸಿಕ್ಕರೆ ಮರಕ್ಕೆ ಶಿಲೀಂಧ್ರದ ಹಂಗೇಕೆ?

ಕೆಲವು ವರ್ಷಗಳಲ್ಲಿ ಮರದ ಸುತ್ತ ಹುಲ್ಲು ಸುಟ್ಟಂತೆ ಒಣಗಿ ನೆಲ ಬೋಳಾಗುತ್ತದೆ. ಬೇರೆ ಬೆಳೆಗಾರ ಗಾಬರಿಯಾಗುವ ಹೊತ್ತು, ಟ್ರಫಲ್ ಬೆಳೆಗಾರನಿಗೆ ಶುಭಸೂಚನೆ! ಆದರೂ ಫಸಲು ಖಾತ್ರಿಯೇನಲ್ಲ. ಕಾಯಿ ಕಟ್ಟಲು ಎರಡು ಭಿನ್ನ ಲೈಂಗಿಕ ಬಗೆಯ ಶಿಲೀಂಧ್ರಗಳು ಕೂಡಬೇಕು. ಅದಕ್ಕೇ ಬುಡದ ಬಳಿ ಸಣ್ಣ ಗುಂಡಿ ತೋಡಿ ಬೀಜಕ ಬೆರೆಸಿದ ಮಣ್ಣು ತುಂಬುವ ರೂಢಿಯಿದೆ.

ಮೊದಲ ಕೊಯ್ಲಿಗೆ 5ರಿಂದ 10 ವರ್ಷ ಕಾಯಬೇಕು, ಅದೂ ಚಳಿಗಾಲದಲ್ಲಿ. ಹುಡುಕಲು ಪಳಗಿದ ನಾಯಿಯೇ ಸರಿ. ಹಂದಿಯ ಮೂಗೂ ಚುರುಕೇ, ಆದರೆ ಸಿಕ್ಕಿದ್ದನ್ನು ಅದೇ ತಿಂದುಬಿಡುತ್ತದೆ. ನಾಯಿ ಕೆರೆದ ಜಾಗದ ಮಣ್ಣನ್ನು ಮೂಸಿ ನೋಡಿ, ಘಮ ಗಾಢವಾಗಿದ್ದರಷ್ಟೇ ಅಗೆಯಿರಿ. ಎಳೆಯದನ್ನು ಕಿತ್ತರೆ ಅದು ಮತ್ತೆ ಬಲಿಯುವುದಿಲ್ಲ. ಗುಂಡಿಯನ್ನು ಅದೇ ಮಣ್ಣಿನಿಂದ ಮುಚ್ಚಿಬಿಡಿ, ಬೇರಿಗೆ ಬಿಸಿಲು ತಾಗಬಾರದು.