ದ್ವೀಪದಲ್ಲಿ ಬಸ್ಸಾರು: ಮಾಲ್ಡೀವ್ಸ್‌ನಲ್ಲಿ ನಾವಿಬ್ಬರು ಟೀಚರ್‌ಗಳು ನೆಲೆ ನಿಂತ ಬಗೆ

ಮಾಲ್ಡೀವ್ಸ್‌ಗೆ ಅರ್ಜಿ ಹಾಕಿರುವ ನಮ್ಮ ಕೋಲಾರ ಕಡೆಯ ಟೀಚರ್‌ಗಳಿಗೆ ಇದನ್ನು ಬರೆಯುತ್ತಿದ್ದೇನೆ. ಸರ್ಟಿಫಿಕೇಟ್ ಅಟೆಸ್ಟೇಶನ್, ಮೆಡಿಕಲ್, ವೀಸಾ ಎಲ್ಲ ನಿಮಗೆ ಗೊತ್ತೇ ಇರುತ್ತದೆ. ನಾನು ಹೇಳುವುದು ಅಡುಗೆಮನೆ ವಿಷಯ. ಗಂಡ ಹೆಂಡತಿ ಇಬ್ಬರೂ ಹೋಗಿ ನಾಲ್ಕು ಕಾಸು ಉಳಿಸುತ್ತಾರಾ ಇಲ್ಲವಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನಾವು ಮುಳಬಾಗಿಲು ಕಡೆಯವರು. ನಮ್ಮನೆಯವರದು ಗಣಿತ, ನನ್ನದು ವಿಜ್ಞಾನ. ಹೊರಟಾಗ ನಮ್ಮತ್ತೆ, "ಮುದ್ದೆ, ಸೊಪ್ಪು ಇಲ್ದೆ ಮೂರು ತಿಂಗಳಿಗೇ ವಾಪಸ್ ಬರ್ತೀರ ನೋಡಮ್ಮ" ಎಂದಿದ್ದರು. ದ್ವೀಪದಲ್ಲಿ ಹಳಬರಾಗಿದ್ದ ಕೇರಳದ ಟೀಚರ್‌ಗಳೂ ಮರಳಲ್ಲಿ ಸೊಪ್ಪು ಬರಲ್ಲ, ಸುಮ್ನೆ ಮೀನಿಗೆ ಒಗ್ಗಿಕೊಳ್ಳಿ ಎಂದರು. ಈಗ ವಾರದಲ್ಲಿ ನಾಲ್ಕೈದು ದಿನ ನಮ್ಮಲ್ಲಿ ಬಸ್ಸಾರು, ಮುದ್ದೆ. ಶುಕ್ರವಾರ ಅಲ್ಲಿ ವಾರದ ರಜೆ. ಅವತ್ತು ಅದೇ ಹಳಬರು ಪಾತ್ರೆ ಹಿಡಿದು ಸಾರಿಗೆ ಬರುತ್ತಾರೆ!

1981ರ ಒಪ್ಪಂದದ ಪ್ರಕಾರ ಭಾರತ ಮಾಲ್ಡೀವ್ಸ್‌ಗೆ ಪ್ರತಿ ವರ್ಷ ಇಂತಿಷ್ಟು ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಈರುಳ್ಳಿ, ಆಲೂಗಡ್ಡೆ ಕಳಿಸುತ್ತದೆ. ಅವಕ್ಕೆ ತೊಂದರೆ ಇಲ್ಲ. ಕಷ್ಟ ಇರುವುದು ಸೊಪ್ಪು, ತರಕಾರಿಗೆ. ನಮ್ಮ ದ್ವೀಪಕ್ಕೆ ರಾಜಧಾನಿ ಮಾಲೆಯಿಂದ ವಾರಕ್ಕೊಮ್ಮೆ ಸರಕಿನ ದೋಣಿ ಬರುತ್ತದೆ. ಮುಂಗಾರಿನಲ್ಲಿ ಸಮುದ್ರ ಕೆಟ್ಟರೆ ಅದೂ ಬರುವುದಿಲ್ಲ. ಬಾಡಿದ ಒಂದು ಹಿಡಿ ಸೊಪ್ಪಿಗೆ 15 ರುಫಿಯಾ ಇತ್ತು, ಟೊಮೇಟೊ ಕೆಜಿಗೆ 40ರ ಹತ್ತಿರ. ಒಂದು ರುಫಿಯಾ ಅಂದರೆ 5 ರೂಪಾಯಿಗೂ ಜಾಸ್ತಿ. ಕೋಲಾರದ ಮಂಡಿಯಲ್ಲಿ ರೇಟ್ ಬಿದ್ದಾಗ ಟೊಮೇಟೊ ರಸ್ತೆಗೆ ಸುರಿಯುವುದನ್ನು ಕಂಡವರಿಗೆ ಕೊಳ್ಳಲು ಮನಸ್ಸು ಬರುತ್ತಾ?

ಮೊದಲು ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ಹಿತ್ತಲಲ್ಲಿ ಚೆಲ್ಲಿದೆವು. ನಾಲ್ಕು ಎಲೆ ಬಿಡುವಷ್ಟರಲ್ಲಿ ಹಳದಿಯಾಯಿತು. ಅಲ್ಲಿನ ಮರಳು ಹವಳದ ಪುಡಿ, ಬರೀ ಸುಣ್ಣ. ಗಿಡಕ್ಕೆ ಕಬ್ಬಿಣದ ಅಂಶ ಹತ್ತುವುದಿಲ್ಲ. ಗೊಬ್ಬರದ ಪ್ಯಾಕೆಟ್‌ಗೆ 300 ರುಫಿಯಾ ಸುರಿದರೂ ಹಸಿರಾಗಲಿಲ್ಲ. ಮರಳು ಬಿಟ್ಟು ತೆಂಗಿನ ನಾರಿನ ಪುಡಿ ತುಂಬಿದೆವು. ಅದರಲ್ಲಿದ್ದ ಉಪ್ಪಿಗೆ ಎಲೆಯ ಅಂಚು ಸುಟ್ಟಿತು. ಬಾವಿ ನೀರೂ ಸಪ್ಪೆಯಲ್ಲ, ಉಪ್ಪುಪ್ಪು. ಮೀನಿನ ಕಸ ಹೂತರೆ ರಾತ್ರಿಯೇ ಬೆಕ್ಕು, ಏಡಿ ಸೇರಿ ಎಲ್ಲ ಕೆದರಿದವು. ಅಷ್ಟರಲ್ಲಿ 1,000 ರುಫಿಯಾ ಮೇಲೆ ಹೋಗಿತ್ತು. ನಮ್ಮನೆಯವರು ಲೆಕ್ಕದ ಪುಸ್ತಕ ನನ್ನ ಮುಂದೆ ಇಟ್ಟು ಸುಮ್ಮನಾದರು.

ಕೊನೆಗೆ ಕೈ ಹಿಡಿದದ್ದು ಅಕ್ಕಿಯ ಖಾಲಿ ಚೀಲ. ಮರಳು ಒಂದು ಹಿಡಿಯೂ ಬೇಡ. ನಾರಿನ ಪುಡಿಯನ್ನು ಮಳೆನೀರಲ್ಲಿ ಮೂರು ನಾಲ್ಕು ಸಲ ನೆನೆಸಿ ಹಿಂಡಬೇಕು. ಮೀನಿನ ಕಸ, ದೀವಿಹಲಸಿನ ಒಣಗಿದ ಎಲೆ ಎರಡನ್ನೂ ಮುಚ್ಚಳದ ಡ್ರಮ್ಮಿನಲ್ಲಿ ಎರಡು ತಿಂಗಳು ಕೊಳೆಸಬೇಕು. ಅರ್ಧಕ್ಕರ್ಧ ಬೆರೆಸಿ ಚೀಲ ತುಂಬಿ, ಗೋಡೆಯ ಮರೆಯಲ್ಲಿಡಬೇಕು. ಉಪ್ಪುಗಾಳಿ ನೇರವಾಗಿ ಹೊಡೆಯಬಾರದು. ಹಾಕುವುದೆಲ್ಲ ಮಳೆನೀರೇ. ಡ್ರಮ್ಮಿಗೆ ನಾನು ಇನ್ನೊಂದು ಹಾಕುತ್ತೇನೆ, ವಾಸನೆ ಬರದೇ ಇರುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ದಂಟು, ಮೆಂತ್ಯ, ಕೊತ್ತಂಬರಿ ಮೂರೂ ಚೆನ್ನಾಗಿ ಬಂದವು. ನುಗ್ಗೆಯಂತೂ ಅಲ್ಲಿ ಮನೆಮನೆಯಲ್ಲಿದೆ, ಅವರೂ ಸೊಪ್ಪು ತಿನ್ನುತ್ತಾರೆ. ಪಕ್ಕದ ಮನೆಯಿಂದ ನುಗ್ಗೆ ಸೊಪ್ಪು ಬರುತ್ತದೆ, ನಮ್ಮಿಂದ ಕೊತ್ತಂಬರಿ ಹೋಗುತ್ತದೆ. ಟೊಮೇಟೊ ಮಾತ್ರ ಹೂ ಬಿಟ್ಟು ಉದುರಿಸುತ್ತದೆ. ರಾತ್ರಿಯೂ ಸೆಕೆ ಇಳಿಯದ ಜಾಗ, ಕಾಯಿ ಕಚ್ಚುವುದಿಲ್ಲ. ಅದನ್ನು ನಾವು ಬಿಟ್ಟೇಬಿಟ್ಟೆವು.

ಹುಣಸೆಹುಳಿ ಸಿಗದ ಒಂದು ವಾರ ಬೇರೆ ಪ್ರಯೋಗವೂ ಆಯಿತು. ಅಲ್ಲಿನವರ ಗರುದಿಯಾ ಅಂದರೆ ಟ್ಯೂನಾ ಮೀನು ಬೇಯಿಸಿದ ತಿಳಿ ಸಾರು. ಅದಕ್ಕೆ ನಿಂಬೆರಸ ಹಿಂಡಿ, ನಮ್ಮ ಹುರಿದ ಖಾರ, ಬೆಳ್ಳುಳ್ಳಿ ರುಬ್ಬಿ ಹಾಕಿದೆ. ಮುದ್ದೆಗೆ ಎಷ್ಟು ಚೆನ್ನಾಗಿ ಹೊಂದಿತು ಅಂದರೆ, ಊರಿಗೆ ಬಂದಾಗ ಕೆರೆ ಮೀನಲ್ಲೂ ಮಾಡಿ ನೋಡಿದೆ. ಆ ರುಚಿ ಬರಲಿಲ್ಲ.

ರಾಗಿ ಹಿಟ್ಟು ರಜೆಯಿಂದ ವಾಪಸ್ ಹೋಗುವಾಗ ಇಬ್ಬರ ಲಗೇಜ್ ಸೇರಿ 25 ಕೆಜಿಯಷ್ಟು ಒಯ್ಯುತ್ತೇವೆ. ಸಾಲದಿದ್ದರೆ ಬೆಂಗಳೂರಿಂದ ಬರುವವರ ಕೈಯಲ್ಲಿ ಐದೈದು ಕೆಜಿ ತರಿಸುತ್ತೇವೆ. ದೇವರ ವಿಗ್ರಹ ಮಾತ್ರ ಲಗೇಜಲ್ಲಿ ಇಡಬೇಡಿ, ಪೂಜೆಯ ವಿಗ್ರಹಕ್ಕೆ ಅಲ್ಲಿ ನಿಷೇಧ ಇದೆ.

ಈಗ ಹಣದ ಮಾತು. ಇಬ್ಬರದೂ ಸೇರಿ ತಿಂಗಳ ಸಂಬಳ 30,000 ರುಫಿಯಾ ಆಸುಪಾಸು. ತಿಂಗಳ ಅಡುಗೆ ಖರ್ಚು 6,000 ಇದ್ದದ್ದು 3,500ಕ್ಕೆ ಇಳಿಯಿತು. ಬಾಡಿಗೆ ಭತ್ಯೆ ನಮಗೆ ಇಬ್ಬರಿಗೂ ಬರುತ್ತದೆ, ಇರುವುದು ಒಂದೇ ಮನೆ. ಅಲ್ಲಿ ಡಾಲರ್‌ಗೆ ಬರ, ಊರಿಗೆ ಕಳಿಸಲು ಬ್ಯಾಂಕ್‌ನಲ್ಲಿ ತಿಂಗಳ ಮಿತಿ ಇದೆ, ಅದೂ ಇಳಿಯುತ್ತಾ ಬಂತು. ಮಿತಿ ತಲೆಗಿಷ್ಟು ಅಂತ ಇರುವುದರಿಂದ ಒಂದೇ ಖಾತೆಗೆ ಎಲ್ಲ ಹಾಕಬೇಡಿ, ಇಬ್ಬರೂ ಬೇರೆ ಬೇರೆ ಖಾತೆಯಿಂದ ಕಳಿಸಿ. ಮಾವನವರು 1,400 ಅಡಿ ಕೊರೆಸಿದ ಬೋರ್‌ವೆಲ್ ಸಾಲ ತೀರಿದ್ದು ಹೀಗೆ.

ಇದೆಲ್ಲ ಆಗುವುದು ಇಬ್ಬರಿಗೂ ಒಂದೇ ದ್ವೀಪ ಸಿಕ್ಕರೆ ಮಾತ್ರ. ಏಜೆಂಟ್ "ಮೊದಲು ಹೋಗಿ, ಆಮೇಲೆ ಸೇರಿಸ್ತೀವಿ" ಅಂದರೆ ಒಪ್ಪಬೇಡಿ. ನಾವು ಅಂಥ ಒಂದು ಆಫರ್ ಬಿಟ್ಟು ಏಳೆಂಟು ತಿಂಗಳು ಕಾದೆವು. ಎರಡು ಒಪ್ಪಂದಗಳಲ್ಲೂ ದ್ವೀಪದ ಹೆಸರು ಒಂದೇ ಇದೆಯಾ ನೋಡಿ, ಆಮೇಲೆ ಸಹಿ ಹಾಕಿ.